ಸೀಲು ಬಿದ್ದದ್ದು ಎಲ್ಲಿ? ಬೆಂಗಳೂರಿನ ಹುಡುಗಿ, ಅಮೆರಿಕದ ಹುಡುಗ, ಒಂದು ಮದುವೆ ನೋಟಿಸ್

ಇದು 2023ರ ಪ್ರಕರಣ. ಹುಡುಗಿ ಬೆಂಗಳೂರಿನವಳು, ಹುಡುಗ ಅಮೆರಿಕದವನು. ಹೆಸರು ಬದಲಿಸಿದ್ದೇನೆ. ಇಲ್ಲಿ ಅವರು ಚೇತನಾ ಮತ್ತು ಮಾರ್ಕ್. ಬಡಾವಣೆ, ಕೆಲಸ, ಮನೆತನ ಯಾವುದೂ ಗುರುತು ಸಿಗದ ಹಾಗೆ ನೋಡಿಕೊಂಡಿದ್ದೇನೆ. ಕಾಗದಪತ್ರದ ವಿಷಯ ಮಾತ್ರ ನಡೆದ ಹಾಗೇ ಇದೆ. ಇಬ್ಬರೂ ಒಪ್ಪಿಗೆ ಕೊಟ್ಟಿದ್ದಾರೆ. "ನಮ್ಮ ಹಾಗೆ ಇನ್ನೊಬ್ಬರು ಓಡಾಡಬಾರದು ಮೇಡಂ, ಬರೀರಿ" ಅಂದವಳು ಚೇತನಾನೇ.

ನಾನು ಬೆಂಗಳೂರಿನಲ್ಲಿ ವಕೀಲೆ. ಮದುವೆ ನೋಂದಣಿಯ ಕಾಗದ ಮಾಡಿಕೊಡುವುದು ನನ್ನ ದಿನದ ಕೆಲಸದಲ್ಲಿ ಒಂದು. ಈ ಪ್ರಕರಣದಲ್ಲಿ ಆದ ದೊಡ್ಡ ತಪ್ಪು ನನ್ನದು. ಆ ತಪ್ಪು ಇನ್ನೂ ಎಷ್ಟೋ ಜನ ಮಾಡುತ್ತಿದ್ದಾರೆ ಅಂತ ಗೊತ್ತಿರುವುದರಿಂದಲೇ ಇದನ್ನು ಬರೆಯುತ್ತಿದ್ದೇನೆ.

ಹಿನ್ನೆಲೆ

ಚೇತನಾ ಅಮ್ಮನ ಜೊತೆ ದಕ್ಷಿಣ ಬೆಂಗಳೂರಿನಲ್ಲಿ ಇದ್ದಳು. ಅಪ್ಪ ತೀರಿಕೊಂಡು ಕೆಲವು ವರ್ಷ ಆಗಿತ್ತು. ಮಾರ್ಕ್ ಹುಟ್ಟಿ ಬೆಳೆದದ್ದು ಒಹಾಯೊ ರಾಜ್ಯದಲ್ಲಿ, ಆಗ ಇದ್ದದ್ದು ಕ್ಯಾಲಿಫೋರ್ನಿಯಾದಲ್ಲಿ. ಅವನಿಗೆ ಮೊದಲು ಒಂದು ಮದುವೆ ಆಗಿ, ಒಹಾಯೊದ ಕೋರ್ಟಿನಲ್ಲಿ ಡೈವೋರ್ಸ್ ಆಗಿತ್ತು. ಮಕ್ಕಳಿರಲಿಲ್ಲ.

ಮದುವೆ ಎಲ್ಲಿ ಅನ್ನುವುದೇ ಮೊದಲ ತೀರ್ಮಾನ. ಅಮೆರಿಕದಲ್ಲಿ ಆಗಬೇಕಾದರೆ ಚೇತನಾಗೆ ಕೆ-1 ವೀಸಾ, ಅಂದರೆ ಅಮೆರಿಕದ ಪ್ರಜೆಯನ್ನು ಅಲ್ಲೇ ಮದುವೆ ಆಗಲು ಹೋಗುವವರಿಗೆ ಕೊಡುವ ವೀಸಾ ಬೇಕು. ಅದಕ್ಕೆ ಮಾರ್ಕ್ ಅಲ್ಲಿ ಐ-129ಎಫ್ ಅನ್ನುವ ಅರ್ಜಿ ಹಾಕಬೇಕು. ವೀಸಾ ಬಂದು ಆಕೆ ಅಲ್ಲಿ ಇಳಿದ 90 ದಿನದೊಳಗೆ ಮದುವೆ ಆಗಬೇಕು. ಅಲ್ಲಿ ಮದುವೆಗೆ ಮೊದಲು ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಕಚೇರಿಯಿಂದ ಮ್ಯಾರೇಜ್ ಲೈಸೆನ್ಸ್ ಪಡೆಯಬೇಕು. ದಾರಿಯೇನೋ ಇತ್ತು. ಆದರೆ ಚೇತನಾಳ ಅಮ್ಮನಿಗೆ ಮಂಡಿ ನೋವು. ಅಷ್ಟು ದೂರದ ವಿಮಾನ ಅವರಿಂದ ಆಗುವುದಿಲ್ಲ. "ಇರೋದು ಒಬ್ಬಳೇ ಮಗಳು, ನಾನಿಲ್ಲದೆ ಮದುವೇನಾ?" ಅಂದರು. ಅಲ್ಲಿಗೆ ಬೆಂಗಳೂರು ಅಂತ ಗಟ್ಟಿಯಾಯಿತು.

ನಮ್ಮಲ್ಲಿ ಲೈಸೆನ್ಸ್ ಅಂತ ಇಲ್ಲ. ಬೇರೆ ಧರ್ಮದವರು, ಬೇರೆ ದೇಶದವರು ಮದುವೆ ಆಗಲು ಸಾಮಾನ್ಯವಾಗಿ ಹಿಡಿಯುವ ದಾರಿ 1954ರ ವಿಶೇಷ ವಿವಾಹ ಕಾಯ್ದೆ. ಸಬ್ ರಿಜಿಸ್ಟ್ರಾರ್ ಅವರೇ ವಿವಾಹ ಅಧಿಕಾರಿ. ಹುಡುಗ ಹುಡುಗಿ ಇಬ್ಬರೂ ಸೇರಿ ಲಿಖಿತ ನೋಟಿಸ್ ಕೊಡಬೇಕು. ಕನಿಷ್ಠ ಒಬ್ಬರಾದರೂ ನೋಟಿಸ್ ಕೊಡುವ ಮುಂಚಿನ 30 ದಿನ ಆ ಜಿಲ್ಲೆಯಲ್ಲಿ ವಾಸ ಇರಬೇಕು. ನೋಟಿಸ್ ಅನ್ನು ಕಚೇರಿಯ ಬೋರ್ಡಿಗೆ ಹಾಕುತ್ತಾರೆ. ಆಕ್ಷೇಪಕ್ಕೆ 30 ದಿನ ಬಿಡುತ್ತಾರೆ. ಆಮೇಲೆ ಮೂವರು ಸಾಕ್ಷಿಗಳ ಎದುರು ಮದುವೆ. ನೋಟಿಸ್ ಕೊಟ್ಟು ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಆ ನೋಟಿಸ್ ಸತ್ತ ಹಾಗೆ. ಮತ್ತೆ ಮೊದಲಿಂದ ಶುರು.

ಮಾರ್ಕ್‌ಗೆ ಐದು ವಾರ ರಜೆ ಸಿಕ್ಕಿತು. ಏಪ್ರಿಲ್ 26ಕ್ಕೆ ಬರುವುದು, 28ಕ್ಕೆ ನೋಟಿಸ್ ಕೊಡುವುದು, ಮೇ 29ಕ್ಕೆ ಮದುವೆ, 31ಕ್ಕೆ ವಾಪಸ್ ವಿಮಾನ. ಕಾಗದದ ಮೇಲೆ ಎಲ್ಲ ಚೆನ್ನಾಗಿ ಕೂತಿತ್ತು.

ಮೊದಲ ದಿನದ ಪೆಟ್ಟು

ಏಪ್ರಿಲ್ 28, ಶುಕ್ರವಾರ. ಬೆಳಿಗ್ಗೆ ಹತ್ತೂವರೆಗೆಲ್ಲ ಕಚೇರಿ ಮುಂದೆ ನಿಂತಿದ್ದೆವು. ಕೌಂಟರಿನಲ್ಲಿದ್ದವರು ನಡುವಯಸ್ಸಿನ ಗುಮಾಸ್ತರು. ಮಾತು ಕಡಿಮೆ, ಕಣ್ಣು ಚುರುಕು. ಒಂದೊಂದೇ ಹಾಳೆ ತಿರುವಿದರು. ಡೈವೋರ್ಸ್ ಕಾಗದದ ಹತ್ತಿರ ನಿಂತರು.

"ಮೇಡಂ, ತೀರ್ಪು ಕೊಟ್ಟಿರೋದು ಒಂದು ರಾಜ್ಯ. ಸೀಲು ಹಾಕಿರೋದು ಇನ್ನೊಂದು ರಾಜ್ಯ. ಇದು ಹೇಗೆ?"

ನಾನು ಉತ್ತರ ಕೊಡಲು ಬಾಯಿ ತೆರೆದೆ. ಉತ್ತರ ಇರಲಿಲ್ಲ.

ಆದದ್ದು ಇಷ್ಟು. ಫೆಬ್ರವರಿಯಲ್ಲಿ ನಾನು ಮಾರ್ಕ್‌ಗೆ ಒಂದು ಪಟ್ಟಿ ಕಳಿಸಿದ್ದೆ. ಅದರಲ್ಲಿ "ಡೈವೋರ್ಸ್ ತೀರ್ಪು, ನೋಟರಿ ಮಾಡಿಸಿ, ಅಪೊಸ್ಟಿಲ್ ಮಾಡಿಸಿ" ಅಂತ ಒಂದೇ ಸಾಲು ಬರೆದಿದ್ದೆ. ಅಪೊಸ್ಟಿಲ್ ಅಂದರೆ ಒಂದು ದೇಶದ ಕಾಗದ ಇನ್ನೊಂದು ದೇಶದಲ್ಲಿ ನಡೆಯಲಿ ಅಂತ ಅದಕ್ಕೆ ಸರ್ಕಾರ ಲಗತ್ತಿಸುವ ಪ್ರಮಾಣಪತ್ರ. ಅವನು ಹೇಳಿದ ಹಾಗೇ ಮಾಡಿದ್ದ. ಮನೆಯಲ್ಲಿದ್ದ ತೀರ್ಪಿನ ಜೆರಾಕ್ಸ್ ತೆಗೆದುಕೊಂಡು ತನ್ನ ಊರಿನ ನೋಟರಿ ಹತ್ತಿರ ಹೋಗಿದ್ದ. ಕ್ಯಾಲಿಫೋರ್ನಿಯಾದ ನೋಟರಿಗೆ ಕೋರ್ಟ್ ದಾಖಲೆಯ ನಕಲನ್ನು ಸರಿ ಅಂತ ದೃಢೀಕರಿಸುವ ಅಧಿಕಾರವೇ ಇಲ್ಲ. ಹಾಗಾಗಿ ಆ ನೋಟರಿ, ನಿಯಮದ ಪ್ರಕಾರವೇ, "ಇದು ಮೂಲದ ನಕಲು ಅಂತ ನಾನು ಪ್ರಮಾಣ ಮಾಡುತ್ತೇನೆ" ಎಂದು ಮಾರ್ಕ್ ಕೈಯಲ್ಲಿ ಬರೆಸಿ, ಅವನ ಸಹಿಗೆ ಮುದ್ರೆ ಒತ್ತಿದ್ದರು. ಆ ಮುದ್ರೆಯ ಮೇಲೆ ಕ್ಯಾಲಿಫೋರ್ನಿಯಾ ಸರ್ಕಾರದ ಅಪೊಸ್ಟಿಲ್ ಬಿದ್ದಿತ್ತು.

ಪ್ರತಿಯೊಂದು ಸೀಲೂ ಅಸಲಿ. ಆದರೆ ಒಂದೂ ಕೆಲಸಕ್ಕೆ ಬರುವಂಥದ್ದಲ್ಲ.

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇಡೀ ಪ್ರಕರಣ ನಿಂತಿರುವುದೇ ಇದರ ಮೇಲೆ. ಅಪೊಸ್ಟಿಲ್ ಅನ್ನುವುದು 1961ರ ಹೇಗ್ ಒಪ್ಪಂದದಿಂದ ಬಂದ ಪ್ರಮಾಣಪತ್ರ. ಭಾರತಕ್ಕೆ ಅದು ಅನ್ವಯ ಆದದ್ದು 2005ರ ಜುಲೈ 14ರಿಂದ. ಅದು ಹೇಳುವುದು ಮೂರೇ ವಿಷಯ. ಈ ಸಹಿ ಅಸಲಿ, ಸಹಿ ಹಾಕಿದವರಿಗೆ ಆ ಹುದ್ದೆ ಇದೆ, ಈ ಮುದ್ರೆ ಅವರದ್ದೇ. ಒಳಗೆ ಬರೆದಿರುವುದು ನಿಜವೋ ಸುಳ್ಳೋ ಅದಕ್ಕೆ ಸಂಬಂಧ ಇಲ್ಲ. ಮಾರ್ಕ್ ಕೈಯಲ್ಲಿದ್ದ ಅಪೊಸ್ಟಿಲ್ "ಈ ನೋಟರಿಯ ಸಹಿ ಅಸಲಿ" ಅಂತ ಹೇಳುತ್ತಿತ್ತು. ಒಹಾಯೊ ಕೋರ್ಟಿನ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ. ಅಮೆರಿಕದಲ್ಲಿ ರಾಜ್ಯದ ದಾಖಲೆಗೆ ಅಪೊಸ್ಟಿಲ್ ಕೊಡುವುದು ಆಯಾ ರಾಜ್ಯದವರು. ಒಹಾಯೊ ಕೋರ್ಟಿನ ಗುಮಾಸ್ತರ ಸಹಿಯನ್ನು ಕ್ಯಾಲಿಫೋರ್ನಿಯಾ ಗುರುತಿಸುವುದಿಲ್ಲ. ಗುರುತಿಸಲೂ ಆಗದು.

ಹೀಗಾಗಿ ನಮ್ಮ ಗುಮಾಸ್ತರು ಕೇಳಿದ ಪ್ರಶ್ನೆ ನ್ಯಾಯವಾಗಿತ್ತು. ವಿಶೇಷ ವಿವಾಹ ಕಾಯ್ದೆಯ 4ನೇ ಕಲಂನ ಮೊದಲ ಷರತ್ತೇ, ಇಬ್ಬರಿಗೂ ಬದುಕಿರುವ ಸಂಗಾತಿ ಇರಬಾರದು ಅಂತ. ಮೊದಲ ಮದುವೆ ಮುಗಿದಿದೆ ಅನ್ನುವ ಕಾಗದವೇ ಅಲುಗಾಡುತ್ತಿದ್ದರೆ ಅಧಿಕಾರಿ ಹೇಗೆ ಮುಂದೆ ಹೋಗುತ್ತಾರೆ?

ಅವರು ಇನ್ನೂ ಎರಡು ಕೇಳಿದರು. ಒಂದು, ಹುಡುಗನಿಗೆ ಬೆಂಗಳೂರಿನಲ್ಲಿ 30 ದಿನದ ವಾಸ ಎಲ್ಲಿ? ಇದಕ್ಕೆ 5ನೇ ಕಲಂ ತೋರಿಸಿದೆ. "ಕನಿಷ್ಠ ಒಬ್ಬರು" ಅಂತ ಸ್ಪಷ್ಟವಾಗಿದೆ, ಹುಡುಗಿ ಹುಟ್ಟಿದಾಗಿಂದ ಇಲ್ಲೇ ಇದ್ದಾಳೆ. ಓದಿ ನೋಡಿ ಒಪ್ಪಿದರು. ಮಾರ್ಕ್ ಇಳಿದುಕೊಂಡಿದ್ದ ಸರ್ವಿಸ್ ಅಪಾರ್ಟ್‌ಮೆಂಟಿನವರು ಫಾರ್ಮ್ ಸಿ ತುಂಬಿದ್ದರು. ವಿದೇಶಿಯರು ತಮ್ಮಲ್ಲಿ ಇಳಿದುಕೊಂಡಿದ್ದಾರೆ ಅಂತ ತಿಳಿಸುವ ಆ ಫಾರ್ಮನ್ನು, ಅವರು ಬಂದ 24 ಗಂಟೆಯೊಳಗೆ ಮನೆಯವರೋ ಹೋಟೆಲಿನವರೋ ಆಗ ಆನ್‌ಲೈನ್‌ನಲ್ಲಿ ಸಲ್ಲಿಸಬೇಕಿತ್ತು. ಅದರ ಪ್ರಿಂಟನ್ನೂ ಕೊಟ್ಟೆವು. ಎರಡನೆಯದು, "ಅವರ ದೇಶದಿಂದ ಎನ್‌ಒಸಿ ಬೇಕು." ಇದಕ್ಕೆ ಆಮೇಲೆ ಬರುತ್ತೇನೆ.

ಮೂರು ದಾರಿ

ಆ ಮಧ್ಯಾಹ್ನ ಕಚೇರಿ ಎದುರಿನ ದರ್ಶಿನಿಯಲ್ಲಿ ಕೂತೆವು. ಮಾರ್ಕ್ ಕಾಫಿ ಲೋಟ ಹಿಡಿದುಕೊಂಡು ಸುಮ್ನೆ ಕೂತಿದ್ದ. ಚೇತನಾ ಕಣ್ಣು ತುಂಬಿಕೊಂಡಿದ್ದಳು. ತಪ್ಪು ನನ್ನದು ಅಂತ ಅಲ್ಲೇ ಹೇಳಿದೆ. ಅದನ್ನು ಹೇಳದೆ ಮುಂದಿನ ಸಲಹೆ ಕೊಡಲು ನನಗೆ ಆಗುತ್ತಿರಲಿಲ್ಲ.

ಮೊದಲ ದಾರಿ ತಾನಾಗೇ ಬಂದು ನಿಂತಿತು. ಕಚೇರಿ ಹೊರಗೆ ಟೈಪಿಂಗ್, ಜೆರಾಕ್ಸ್ ಅಂಗಡಿಗಳ ಸಾಲಿನಲ್ಲಿ ಒಬ್ಬರು ನಮ್ಮ ಮಾತು ಕೇಳಿಸಿಕೊಂಡಿದ್ದರು. "ಅಷ್ಟಕ್ಕೆ ಯಾಕೆ ಯೋಚನೆ? ನಮ್ಮ ನೋಟರಿ ಹತ್ರ ಟ್ರೂ ಕಾಪಿ ಸೀಲ್ ಹಾಕಿಸಿಕೊಡ್ತೀನಿ. ಹುಡುಗಂದು ಒಂದು ಅಫಿಡವಿಟ್ ಸೇರಿಸೋಣ. ನಡೆಯುತ್ತೆ" ಅಂದರು. ಚೇತನಾ ನನ್ನ ಮುಖ ನೋಡಿದಳು. ಬೇಡ ಅಂದೆ. ಬೆಂಗಳೂರಿನ ನೋಟರಿ ಒಹಾಯೊ ಕೋರ್ಟಿನ ಮೂಲ ಕಡತ ನೋಡಿಲ್ಲ. ಅವರ ಎದುರಿಗೆ ಇರುವುದು ಒಂದು ಜೆರಾಕ್ಸ್. ಜೆರಾಕ್ಸಿನ ಜೆರಾಕ್ಸ್ ಸರಿ ಇದೆ ಅಂದರೆ ಏನು ಸಿಕ್ಕ ಹಾಗಾಯಿತು? ಹೇಗೋ ಇಲ್ಲಿ ದಾಟಿಬಿಟ್ಟರೂ ಈ ಮದುವೆಯ ಕಾಗದ ಮುಂದೆ ವೀಸಾಕ್ಕೆ ಹೋಗುತ್ತದೆ, ಓಸಿಐಗೆ (ಸಾಗರೋತ್ತರ ಭಾರತೀಯ ಕಾರ್ಡಿಗೆ) ಹೋಗುತ್ತದೆ. ಅಲ್ಲಿ ಯಾರಾದರೂ ಇದೇ ಪ್ರಶ್ನೆ ಕೇಳಿದರೆ ಮದುವೆಯೇ ಅನುಮಾನಕ್ಕೆ ಬರುತ್ತದೆ.

ಎರಡನೇ ದಾರಿ, ಮಾರ್ಕ್ ವಾಪಸ್ ಹೋಗಿ ಸರಿಯಾದ ಕಾಗದ ತಂದು ಮತ್ತೆ ಬರುವುದು. ಇದಕ್ಕೆ ಪಂಚಾಂಗ ಅಡ್ಡ ಬಂತು. ಆ ವರ್ಷ ಜೂನ್ 19ಕ್ಕೆ ಆಷಾಢ ಶುರು. ಅದರ ಬೆನ್ನಿಗೆ ಜುಲೈ 18ರಿಂದ ಆಗಸ್ಟ್ 16ರವರೆಗೆ ಅಧಿಕ ಶ್ರಾವಣ. ಚೇತನಾಳ ಅಮ್ಮ ರಿಜಿಸ್ಟರ್ ಮದುವೆಗೆ ಒಪ್ಪಿದ್ದರು, ಊಟಕ್ಕೆ ಐವತ್ತೇ ಜನ ಅಂದರೂ ಒಪ್ಪಿದ್ದರು. ಈ ಒಂದರಲ್ಲಿ ಮಾತ್ರ ಜಗ್ಗಲಿಲ್ಲ. "ಆಷಾಢ ಬೇಡ. ಅಧಿಕ ಮಾಸ ಅಂತೂ ಬೇಡವೇ ಬೇಡ." ನನಗೂ ಅದು ಸರಿ ಅನ್ನಿಸಿತು. ಇಷ್ಟೆಲ್ಲ ಬಿಟ್ಟುಕೊಟ್ಟ ಹೆಂಗಸಿಗೆ ಅದೊಂದನ್ನು ಉಳಿಸಿಕೊಡಬೇಕಲ್ವಾ?

ಮೂರನೇ ದಾರಿ ನಾವು ಹಿಡಿದದ್ದು. ನೋಟಿಸ್ ಕೊಡುವುದು ಬೇರೆ, ಮದುವೆ ಮಾಡಿಸುವುದು ಬೇರೆ. ನೋಟಿಸಿನ ನಮೂನೆಯಲ್ಲಿ ಅವಿವಾಹಿತ, ವಿಧುರ, ವಿಚ್ಛೇದಿತ ಅಂತ ಸ್ಥಿತಿ ಬರೆಯುವ ಕಾಲಂ ಇದೆ. ನಿಜವನ್ನು ಬರೆದು ಈಗಲೇ ನೋಟಿಸ್ ಕೊಡೋಣ. 30 ದಿನ ಓಡುತ್ತಿರಲಿ. ಅಷ್ಟರಲ್ಲಿ ಒಹಾಯೊದಿಂದ ಸರಿಯಾದ ಕಾಗದ ತರಿಸೋಣ. ಮೂಲ ಕೈಗೆ ಬರದೆ ಮದುವೆ ಮಾಡಿಸಿ ಅಂತ ಕೇಳುವುದಿಲ್ಲ ಎಂದು ಅಧಿಕಾರಿಗೆ ಬರೆದುಕೊಡೋಣ.

ಸಬ್ ರಿಜಿಸ್ಟ್ರಾರ್ ಅವರನ್ನೇ ನೇರವಾಗಿ ಕಂಡು ಹೀಗಂತ ಹೇಳಿದೆ. ತಪ್ಪು ಎಲ್ಲಿ ಆಯಿತು ಅನ್ನುವುದನ್ನೂ ಮುಚ್ಚಿಡಲಿಲ್ಲ. ಅವರು ಸ್ವಲ್ಪ ಯೋಚಿಸಿ, "ಆಯ್ತು, ಆದರೆ ಮೂಲ ಬರದೆ ನಾನು ಸಹಿ ಹಾಕಲ್ಲ" ಅಂದರು. ನಮಗೆ ಬೇಕಾಗಿದ್ದದ್ದೂ ಅದೇ.

ಬೋರ್ಡಿಗಿಂತ ಮೊದಲು ಅಮ್ಮನಿಗೆ

ಸ್ಥಿತಿಯ ಕಾಲಂ ತುಂಬುವಾಗ ಚೇತನಾಳ ಕೈ ತಡೆಯಿತು. "ಇದು ಬೋರ್ಡಿನ ಮೇಲೆ ಬರುತ್ತಾ ಮೇಡಂ?"

ಬರುತ್ತದೆ ಅಂದೆ. ಯಾರು ಬೇಕಾದರೂ ಓದಬಹುದು.

"ಅಮ್ಮನಿಗೆ ಹೇಳಿಲ್ಲ."

ಮಾರ್ಕ್‌ಗೆ ಮೊದಲೇ ಮದುವೆ ಆಗಿತ್ತು ಅನ್ನುವುದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಾರ್ಕ್ ಹೇಳೋಣ ಅಂದಿದ್ದನಂತೆ. ಇವಳೇ, ಮದುವೆ ಆದಮೇಲೆ ನಿಧಾನವಾಗಿ ಹೇಳಿದರಾಯಿತು ಅಂತ ತಡೆದಿದ್ದಳು.

ನಾನು ಪೆನ್ನು ತೆಗೆದು ಪಕ್ಕಕ್ಕೆ ಇಟ್ಟೆ. ಇವತ್ತು ಸಂಜೆ ಹೇಳು, ಆಮೇಲೆ ನೋಟಿಸ್ ಕೊಡೋಣ ಅಂದೆ. ಕಾನೂನಿನ ದೃಷ್ಟಿಯಿಂದ ಇದು ನನ್ನ ಕೆಲಸ ಅಲ್ಲದಿರಬಹುದು. ಆದರೆ ಮಗಳ ಬಾಯಿಂದ ಕೇಳಬೇಕಾದ್ದನ್ನು ಒಬ್ಬ ತಾಯಿ ಕಚೇರಿಯ ಗೋಡೆಯಲ್ಲಿ ಓದಬಾರದು. ಅವತ್ತು ರಾತ್ರಿ ಹನ್ನೊಂದಕ್ಕೆ ಚೇತನಾ ಫೋನ್ ಮಾಡಿದಳು. ಅಮ್ಮ ಒಂದು ಗಂಟೆ ಮಾತೇ ಆಡಲಿಲ್ಲವಂತೆ. ಆಮೇಲೆ, "ಅವಳು ಈಗ ಚೆನ್ನಾಗಿದಾಳಾ?" ಅಂತ ಕೇಳಿದರಂತೆ. ಮಾರ್ಕ್‌ನ ಮೊದಲ ಹೆಂಡತಿಯ ಬಗ್ಗೆ. ಚೆನ್ನಾಗಿದ್ದಾಳೆ, ಬೇರೆ ಮದುವೆ ಆಗಿದ್ದಾಳೆ ಅಂದಳಂತೆ ಇವಳು. "ಸರಿ ಹಾಗಾದ್ರೆ" ಅಂದು ಎದ್ದು ಹೋಗಿ ಮಲಗಿದರಂತೆ.

ಇದು ಎಷ್ಟು ದೊಡ್ಡ ತಿರುವು ಅಂತ ಗೊತ್ತಾದದ್ದು ಮೂರು ವಾರದ ಮೇಲೆ. ಹುಡುಗಿಯ ಸೋದರ ಮಾವನಿಗೆ ಯಾರೋ ಬೋರ್ಡಿನ ಫೋಟೊ ಕಳಿಸಿದ್ದರು. ಅವರು ಕೋಪದಲ್ಲಿ ಕಚೇರಿಗೇ ಹೋಗಿ ಆಕ್ಷೇಪ ಕೊಡುತ್ತೇನೆ ಅಂದರು. ಆಕ್ಷೇಪಕ್ಕೆ ಕಾಯ್ದೆಯಲ್ಲಿ ಮಿತಿ ಇದೆ. 4ನೇ ಕಲಂನ ಷರತ್ತು ಮುರಿದಿದ್ದರೆ ಮಾತ್ರ ಆಕ್ಷೇಪ ನಿಲ್ಲುತ್ತದೆ: ವಯಸ್ಸು, ಬದುಕಿರುವ ಸಂಗಾತಿ, ನಿಷಿದ್ಧ ಸಂಬಂಧ, ಮಾನಸಿಕ ಸ್ಥಿತಿ. ನಮಗೆ ಇಷ್ಟ ಇಲ್ಲ ಅನ್ನುವುದು ಆ ಪಟ್ಟಿಯಲ್ಲಿ ಇಲ್ಲ. ಇಷ್ಟನ್ನು ಅಧಿಕಾರಿ ವಿವರಿಸಿದರು. ಆದರೆ ಮಾವನನ್ನು ನಿಜವಾಗಿ ತಡೆದದ್ದು ಅಕ್ಕನ ಫೋನು. "ನಂಗೆ ಎಲ್ಲಾ ಗೊತ್ತು ಕಣೋ. ಮನೆಗೆ ಬಾ, ಊಟ ಮಾಡು, ಮಾತಾಡೋಣ." ಆಕೆಗೆ ಗೊತ್ತಿಲ್ಲದೇ ಇದ್ದಿದ್ದರೆ ಆ ಫೋನ್ ಹೋಗುತ್ತಿರಲಿಲ್ಲ.

ಹೆಸರಿನ ಇನಿಷಿಯಲ್

ನಮ್ಮ ಕಡೆಯ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಇರುವ ಹಳೇ ತೊಂದರೆ ಇದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ, ಆಧಾರಿನಲ್ಲಿ "ಚೇತನಾ ಎಚ್.ಎಸ್." ಅಂತ ಇತ್ತು. ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು, ಅಪ್ಪನ ಹೆಸರು ಎರಡೂ ಬಿಡಿಸಿ ಸರ್‌ನೇಮ್ ಆಗಿ ಕೂತಿತ್ತು. ನಮಗೆ ಇದು ಒಬ್ಬಳೇ ಅಂತ ನೋಡಿದ ತಕ್ಷಣ ಗೊತ್ತಾಗುತ್ತದೆ. ಹೊರದೇಶದ ಅಧಿಕಾರಿಗೆ ಇದು ಇಬ್ಬರು.

ನೋಟಿಸಿನಲ್ಲಿ ಯಾವ ಹೆಸರು? ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ, ಒಂದಕ್ಷರ ಬಿಡದೆ, ಅಂತ ತೀರ್ಮಾನ ಮಾಡಿದೆವು. ನೋಟಿಸಿನ ಹೆಸರೇ ಸರ್ಟಿಫಿಕೇಟಿಗೆ ಹೋಗುತ್ತದೆ, ಸರ್ಟಿಫಿಕೇಟ್ ಪಾಸ್‌ಪೋರ್ಟಿನ ಜೊತೆ ಓಡಾಡುತ್ತದೆ. ಆಧಾರಿನ ಹೆಸರೂ ಪಾಸ್‌ಪೋರ್ಟಿನ ಹೆಸರೂ ಒಬ್ಬಳದ್ದೇ ಅಂತ ಚೇತನಾ ಒಂದು ಅಫಿಡವಿಟ್ ಕೊಡಬೇಕಾಯಿತು.

ಇಲ್ಲಿ ಬೆಂಗಳೂರಿನ ನೋಟರಿಯೇ ಸರಿಯಾದ ಜಾಗ. ಹೇಳುವವಳು ಇಲ್ಲಿದ್ದಾಳೆ, ಹೇಳುತ್ತಿರುವುದು ತನ್ನದೇ ವಿಷಯ. ಅವಳು ಎದುರಿಗೆ ಬಂದು ಪ್ರಮಾಣ ಮಾಡಿದಳು ಅನ್ನುವುದಕ್ಕೆ ನೋಟರಿ ಸಾಕ್ಷಿ. ಆ ಸೀಲಿನ ಅರ್ಥ ಅಷ್ಟೇ. ಸಿಟಿ ಸಿವಿಲ್ ಕೋರ್ಟಿನ ಹತ್ತಿರ ಇ-ಸ್ಟ್ಯಾಂಪ್ ಪೇಪರ್ ತೆಗೆಸಿ, ನೋಟರಿ ಎದುರು ಚೇತನಾ ಸಹಿ ಹಾಕಿದಳು. "ನೀವು ಕಾಗದ ಕಳಿಸಿ, ಹುಡುಗಿ ಬರಬೇಕಾಗಿಲ್ಲ" ಅನ್ನುವವರು ಸಿಗುತ್ತಾರೆ. ದಯವಿಟ್ಟು ಒಪ್ಪಬೇಡಿ. ಎದುರಿಗೆ ಬಂದರು ಅನ್ನುವುದೇ ಆ ಸೀಲಿನ ಜೀವ. ನೋಟರಿಯ ರಿಜಿಸ್ಟರಿನಲ್ಲಿ ಕ್ರಮಸಂಖ್ಯೆ ಬಿತ್ತಾ, ಅದೇ ಸಂಖ್ಯೆ ಅಫಿಡವಿಟ್ ಮೇಲೆ ಇದೆಯಾ ಅಂತಲೂ ನೋಡಿಕೊಳ್ಳಿ.

ಮೇ 1 ಕಾರ್ಮಿಕ ದಿನದ ರಜೆ. ಮೇ 10ಕ್ಕೆ ವಿಧಾನಸಭೆ ಚುನಾವಣೆ ಇದ್ದದ್ದರಿಂದ ಕಚೇರಿಯ ಅರ್ಧ ಜನ ತರಬೇತಿಗೆ ಹೋಗಿದ್ದರು. ಅಂತೂ ಮೇ 4, ಗುರುವಾರ ನೋಟಿಸ್ ಒಳಗೆ ಹೋಯಿತು, ಅವತ್ತೇ ಬೋರ್ಡಿಗೂ ಬಂತು. ಲೆಕ್ಕ ಹಾಕಿದೆವು. ಜೂನ್ 3ಕ್ಕೆ 30 ದಿನ. ಆಷಾಢಕ್ಕೆ ಮೊದಲು ಸಿಗುವುದು ಎರಡು ವಾರ. ಮಾರ್ಕ್ ಟಿಕೆಟ್ ಅನ್ನು ಜೂನ್ 11ಕ್ಕೆ ಬದಲಿಸಿದ. ಬದಲಿಸುವ ಖರ್ಚು ಕಡಿಮೆ ಏನಿರಲಿಲ್ಲ. ಅವನು ಒಂದು ಮಾತೂ ಆಡಲಿಲ್ಲ.

ಚೆನ್ನೈಗೆ ಯಾಕೆ ಹೋಗಬೇಕಾಯಿತು

ಈಗ ಎನ್‌ಒಸಿ ವಿಷಯ. ಕೆಲವು ದೇಶಗಳ ರಾಯಭಾರ ಕಚೇರಿಗಳು ತಮ್ಮ ಪ್ರಜೆ ಮದುವೆ ಆಗಲು ಅಡ್ಡಿ ಇಲ್ಲ ಅಂತ ಪತ್ರ ಕೊಡುತ್ತವೆ. ಅಮೆರಿಕ ಹಾಗೆ ಕೊಡುವುದಿಲ್ಲ. ಅಲ್ಲಿ ಮದುವೆ, ಡೈವೋರ್ಸ್ ದಾಖಲೆ ಇರುವುದು ರಾಜ್ಯಗಳಲ್ಲಿ, ಕೌಂಟಿಗಳಲ್ಲಿ. ಇಡೀ ದೇಶಕ್ಕೆ ಒಂದೇ ಪುಸ್ತಕ ಇಲ್ಲ. ಇವನು ಒಂಟಿ ಅಂತ ಹೇಳಲು ಕೇಂದ್ರ ಸರ್ಕಾರದ ಹತ್ತಿರ ಆಧಾರವೇ ಇಲ್ಲ. ಅದರ ಬದಲು ಪ್ರಜೆ ತಾನೇ ಒಂದು ಅಫಿಡವಿಟ್ ಬರೆದು ಕಾನ್ಸುಲೇಟಿನ ಅಧಿಕಾರಿ ಎದುರು ಪ್ರಮಾಣ ಮಾಡುತ್ತಾನೆ. ಅಧಿಕಾರಿ ನೋಟರಿಯ ಹಾಗೆ ಮುದ್ರೆ ಒತ್ತುತ್ತಾರೆ. ಒಂದು ಮುದ್ರೆಗೆ 50 ಡಾಲರ್.

ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆ ಆದದ್ದು 2025ರ ಜನವರಿಯಲ್ಲಿ. ನಮ್ಮ ಕಾಲಕ್ಕೆ ಚೆನ್ನೈ ಒಂದೇ ದಾರಿ. ಮೇ 16ಕ್ಕೆ ಅಪಾಯಿಂಟ್‌ಮೆಂಟ್ ಸಿಕ್ಕಿತು. ಒಕ್ಕಣೆ ನಾನೇ ಬರೆದೆ, ಯಾಕೆಂದರೆ ಅವರು ಬರೆದುಕೊಡುವುದಿಲ್ಲ. ಪಾಸ್‌ಪೋರ್ಟಿನ ಪೂರ್ತಿ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಹಿಂದಿನ ಮದುವೆ ಯಾವ ಕೋರ್ಟಿನಲ್ಲಿ ಯಾವ ದಿನ ಮುಗಿಯಿತು, ಈಗ ಯಾರನ್ನು ಮದುವೆ ಆಗಲಿದ್ದಾನೆ, ಅದಕ್ಕೆ ಕಾನೂನಿನ ಅಡ್ಡಿ ಇಲ್ಲ. ಇಷ್ಟೇ. ಡೈವೋರ್ಸ್ ತೀರ್ಪಿನಲ್ಲಿ ಅವನ ಮಧ್ಯದ ಹೆಸರಿನ ಮೊದಲ ಅಕ್ಷರ ಮಾತ್ರ ಇತ್ತು. ಎರಡೂ ತಾನೇ ಅಂತ ಅದೇ ಅಫಿಡವಿಟ್‌ನಲ್ಲಿ ಒಂದು ಸಾಲು ಸೇರಿಸಿದೆವು. ಇನಿಷಿಯಲ್ ತೊಂದರೆ ನಮ್ಮವರಿಗೆ ಮಾತ್ರ ಅಲ್ಲ ಅಂತ ಚೇತನಾಗೆ ಸಮಾಧಾನ ಆಯಿತು.

ಹೊರಡುವ ದಿನ ಮಾರ್ಕ್ ಎರಡು ಪ್ರತಿಗೂ ಅಚ್ಚುಕಟ್ಟಾಗಿ ಸಹಿ ಹಾಕಿ ಫೈಲಿನಲ್ಲಿ ಇಟ್ಟಿದ್ದ. ಮಧ್ಯಾಹ್ನದ ವಂದೇ ಭಾರತ್ ಹಿಡಿಯಲು ಸ್ಟೇಷನ್ನಿಗೆ ಹೋಗುತ್ತಾ ಆಟೋದಲ್ಲಿ ಅದನ್ನು ನನಗೆ ಫೋಟೊ ಕಳಿಸಿದ. ತಕ್ಷಣ ಫೋನ್ ಮಾಡಿದೆ. ಸಹಿ ಬೀಳಬೇಕಾದ್ದು ಅಧಿಕಾರಿಯ ಕಣ್ಣೆದುರು. ಮೊದಲೇ ಸಹಿ ಆದ ಕಾಗದ ಅಲ್ಲಿ ನಡೆಯುವುದಿಲ್ಲ. ಚೆನ್ನೈನಲ್ಲಿ ಇಳಿದು ರಾತ್ರಿ ಒಂದು ಪ್ರಿಂಟ್ ಅಂಗಡಿ ಹುಡುಕಿ ಹೊಸ ಪ್ರತಿ ತೆಗೆಸಿದರು. ಮಾರನೇ ಬೆಳಿಗ್ಗೆ ಜೆಮಿನಿ ಸರ್ಕಲ್ ಹತ್ತಿರದ ಕಾನ್ಸುಲೇಟಿನಲ್ಲಿ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು.

ಒಹಾಯೊದಿಂದ ಬಂದ ಲಕೋಟೆ

ಡೈವೋರ್ಸ್ ಕಾಗದಕ್ಕೆ ಈ ಸಲ ನಾನು ಪಟ್ಟಿ ಕಳಿಸಲಿಲ್ಲ, ಅಕ್ಷರ ಅಕ್ಷರ ಬಿಡಿಸಿ ಹೇಳಿದೆ. ಮಾರ್ಕ್‌ನ ಅಕ್ಕ ಅದೇ ಊರಿನಲ್ಲಿದ್ದರು. ತೀರ್ಪು ಕೊಟ್ಟ ಕಾಮನ್ ಪ್ಲೀಸ್ ಕೋರ್ಟಿಗೆ ಹೋಗಿ ಸರ್ಟಿಫೈಡ್ ಕಾಪಿ ಕೇಳಬೇಕು. ಮನೆಯಲ್ಲಿರುವ ನಕಲು ಬೇಡ. ಅದರ ಮೇಲೆ ಕೋರ್ಟಿನ ಗುಮಾಸ್ತರ ಸಹಿ, ಕೋರ್ಟಿನ ಮುದ್ರೆ ಇರಬೇಕು. ಹೊರದೇಶಕ್ಕೆ ಅಂತ ಹೇಳಬೇಕು. ಅದನ್ನು ಯಾವ ನೋಟರಿ ಹತ್ತಿರವೂ ಒಯ್ಯದೆ ನೇರವಾಗಿ ಕೊಲಂಬಸ್‌ನಲ್ಲಿರುವ ಒಹಾಯೊ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಗೆ ಅಪೊಸ್ಟಿಲ್‌ಗೆ ಕಳಿಸಬೇಕು. ಅರ್ಜಿಯಲ್ಲಿ ದೇಶ ಭಾರತ ಅಂತ ಬರೆಯಬೇಕು.

ಆ ಅಕ್ಕನನ್ನು ನಾನು ಇವತ್ತಿಗೂ ಕಂಡಿಲ್ಲ. ಕೆಲಸಕ್ಕೆ ರಜೆ ಹಾಕಿ, ಒಂದೇ ದಿನದಲ್ಲಿ ಕಾಪಿ ತೆಗೆಸಿ, ಎರಡು ಪ್ರತಿ ತೆಗೆಸಿ, ಫೋಟೊ ಕಳಿಸಿ "ಈ ಮುದ್ರೆ ಸರಿಯಾ?" ಅಂತ ಕೇಳಿದರು. ಮೇ 31ಕ್ಕೆ ಲಕೋಟೆ ಬೆಂಗಳೂರು ತಲುಪಿತು. ಹಳೇ ಯೋಜನೆ ಪ್ರಕಾರ ಮಾರ್ಕ್ ವಿಮಾನ ಹತ್ತಬೇಕಾಗಿದ್ದ ದಿನ.

ಅದನ್ನು ಜೆರಾಕ್ಸ್ ಮಾಡಿಸಲು ಹೋದಾಗ ಇನ್ನೊಂದು ಗಂಡಾಂತರ. ಅಂಗಡಿಯ ಹುಡುಗ ಅಪೊಸ್ಟಿಲ್ ಹಾಳೆಗೂ ತೀರ್ಪಿಗೂ ಸೇರಿಸಿ ಹೊಡೆದಿದ್ದ ಪಿನ್ನನ್ನು ಕೀಳಲು ಹೊರಟಿದ್ದ. "ಪಿನ್ ತೆಗೀಬೇಡಪ್ಪಾ!" ಅಂತ ನಾನು ಕೂಗಿದ್ದಕ್ಕೆ ಅಂಗಡಿಯವರೆಲ್ಲ ತಿರುಗಿ ನೋಡಿದರು. ಆ ಎರಡು ಹಾಳೆ ಒಮ್ಮೆ ಬೇರೆ ಆದರೆ, ಅಪೊಸ್ಟಿಲ್ ಯಾವ ಕಾಗದದ್ದು ಅಂತ ಹೇಳುವವರು ಯಾರು? ಹಾಳೆಯನ್ನು ಮಡಿಸಿ, ಹಾಗೇ ಗಾಜಿನ ಮೇಲಿಟ್ಟು ಕಾಪಿ ತೆಗೆಸಿದೆವು.

ಜೂನ್ 7

ಗುಮಾಸ್ತರು ಹೊಸ ಕಾಗದವನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. "ಈಗ ಎರಡೂ ಒಂದೇ ರಾಜ್ಯ" ಅಂದರು. ಅವರ ಮುಖದಲ್ಲಿ ಮೊದಲ ಸಲ ನಗು ಕಂಡೆ.

ಸರ್ಟಿಫಿಕೇಟ್ ಪ್ರಿಂಟ್ ಆಗುವ ಮೊದಲು ಕಂಪ್ಯೂಟರ್ ಪರದೆಯ ಮೇಲೆ ಓದಿಕೊಳ್ಳಲು ಅವಕಾಶ ಕೇಳಿದೆವು, ಕೊಟ್ಟರು. ಮಾರ್ಕ್‌ನ ಮಧ್ಯದ ಹೆಸರಿನಲ್ಲಿ ಒಂದು ಅಕ್ಷರ ಜಾಸ್ತಿ ಬಿದ್ದಿತ್ತು. ಅಲ್ಲೇ ತಿದ್ದಿದರು. ಅದು ಪ್ರಿಂಟ್ ಆಗಿ ಸಹಿ ಬಿದ್ದಿದ್ದರೆ ತಿದ್ದಿಸಲು ಮತ್ತೆ ಅರ್ಜಿ, ಮತ್ತೆ ಓಡಾಟ.

ಕಾಯ್ದೆಯ ಪ್ರಕಾರ ಮದುವೆಯನ್ನು ಯಾವ ರೀತಿಯಲ್ಲಿ ಬೇಕಾದರೂ ಮಾಡಿಕೊಳ್ಳಬಹುದು. ಆದರೆ ಅಧಿಕಾರಿ ಮತ್ತು ಮೂವರು ಸಾಕ್ಷಿಗಳ ಎದುರು ಇಬ್ಬರೂ ಒಬ್ಬರನ್ನೊಬ್ಬರು ಕಾನೂನುಬದ್ಧ ಗಂಡ ಹೆಂಡತಿಯಾಗಿ ಸ್ವೀಕರಿಸುತ್ತೇನೆ ಅಂತ, ಇಬ್ಬರಿಗೂ ತಿಳಿಯುವ ಭಾಷೆಯಲ್ಲಿ ಹೇಳಬೇಕು. ಮಾರ್ಕ್ ಮೊದಲು ಇಂಗ್ಲಿಷಿನಲ್ಲಿ ಹೇಳಿದ. ಆಮೇಲೆ ಯಾರೂ ಕೇಳದೆಯೇ ಕನ್ನಡದಲ್ಲಿ ಹೇಳಿದ. ಎರಡು ವಾರ ಅಭ್ಯಾಸ ಮಾಡಿದ್ದನಂತೆ. ಮೂರನೇ ಸಾಕ್ಷಿಯಾಗಿ ಸಹಿ ಹಾಕಿದ್ದು ಸೋದರ ಮಾವ.

ಅವತ್ತೇ ಸರ್ಟಿಫಿಕೇಟಿನ ದೃಢೀಕೃತ ನಕಲುಗಳಿಗೂ ಅರ್ಜಿ ಹಾಕಿಸಿದೆ. ಭಾರತೀಯರನ್ನು ಮದುವೆ ಆದ ವಿದೇಶಿಯರು, ನೋಂದಣಿ ಆದ ಮದುವೆ ಎರಡು ವರ್ಷ ಸತತವಾಗಿ ನಡೆದ ಮೇಲೆ ಓಸಿಐಗೆ ಅರ್ಜಿ ಹಾಕಬಹುದು. ಎರಡು ವರ್ಷ ಆದಮೇಲೆ ಮಾರ್ಕ್ ಹಾಕಿದ. ಆ ಫೈಲಿಗೆ ಹೋದದ್ದು ಇದೇ ಸರ್ಟಿಫಿಕೇಟ್. ಹೆಸರಿನ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ.

ಈ ಪ್ರಕರಣದ ಮೇಲೆ ನಾನು ಬದಲಿಸಿಕೊಂಡದ್ದು

ಮೊದಲು ನಾನು ಎಲ್ಲರಿಗೂ ಒಂದೇ ಪಟ್ಟಿ ಕಳಿಸುತ್ತಿದ್ದೆ. ಈಗ ಪ್ರತಿ ಕಾಗದದ ಎದುರು ಮೂರು ವಿಷಯ ಬರೆಯುತ್ತೇನೆ: ಇದನ್ನು ಕೊಟ್ಟ ಕಚೇರಿ ಯಾವುದು, ಆ ಕಚೇರಿಯ ಸಹಿಯನ್ನು ದೃಢೀಕರಿಸುವವರು ಯಾರು, ಅಸಲು ಬೇಕೋ ಪ್ರಮಾಣ ಬೇಕೋ. ಕೋರ್ಟು, ನಗರಸಭೆ, ಕೌಂಟಿ ಕೊಟ್ಟ ದಾಖಲೆಗೆ ನೋಟರಿ ಬೇಡ. ಅದನ್ನು ಕೊಟ್ಟವರೇ ದೃಢೀಕರಿಸಬೇಕು. ವ್ಯಕ್ತಿ ತನ್ನ ಬಗ್ಗೆ ತಾನು ಹೇಳುವ ಮಾತಿಗೆ ನೋಟರಿ ಬೇಕು. ಈ ಎರಡನ್ನು ನಾನು ಒಂದೇ ಸಾಲಿನಲ್ಲಿ ಸೇರಿಸಿ ಬರೆದದ್ದರಿಂದ ಒಂದು ಕುಟುಂಬ ಐದು ವಾರ ತಳಮಳದಲ್ಲಿ ಕಳೆಯಿತು.

ವಿಮಾನದ ಟಿಕೆಟ್ ವಿಷಯದಲ್ಲೂ ಬದಲಾಗಿದ್ದೇನೆ. 30 ದಿನ ಅಂದರೆ 45 ದಿನದ ಜಾಗ ಇಟ್ಟುಕೊಳ್ಳಿ ಅನ್ನುತ್ತೇನೆ. ಅಷ್ಟು ರಜೆ ಇಲ್ಲ ಅಂದರೆ, ನೋಟಿಸಿಗೆ ಒಮ್ಮೆ, ಮದುವೆಗೆ ಒಮ್ಮೆ ಬರಲಿ. ಮೂರು ತಿಂಗಳ ಗಡುವು ಇದ್ದೇ ಇದೆ.

ಕಳೆದ ತಿಂಗಳು ಇನ್ನೊಂದು ಜೋಡಿ ಬಂದಿತ್ತು. ನಮ್ಮೂರಿನ ಹುಡುಗ, ಜರ್ಮನಿಯ ಹುಡುಗಿ. ಚೇತನಾ ತನ್ನ ಪಟ್ಟಿಯನ್ನು ಅವರಿಗೆ ಪ್ರೀತಿಯಿಂದ ಕೊಟ್ಟಿದ್ದಳು. ಅದರಲ್ಲಿ ಅಪೊಸ್ಟಿಲ್ ಅನ್ನುವ ಪದಕ್ಕೆ ಎರಡು ಗೆರೆ ಎಳೆದಿದ್ದಳು. ನಾನು ಆ ಸಾಲನ್ನೇ ಹೊಡೆದು ಹಾಕಬೇಕಾಯಿತು. ಭಾರತ ಹೇಗ್ ಒಪ್ಪಂದಕ್ಕೆ ಸೇರಿದಾಗ ಜರ್ಮನಿ ಆಕ್ಷೇಪ ಎತ್ತಿತ್ತು, ಹಾಗಾಗಿ ಈ ಎರಡು ದೇಶಗಳ ನಡುವೆ ಅಪೊಸ್ಟಿಲ್ ನಡೆಯುವುದಿಲ್ಲ. ಜರ್ಮನಿಯ ಕಾಗದ ಅಲ್ಲಿನ ದೃಢೀಕರಣ ಮುಗಿಸಿ, ಅಲ್ಲಿರುವ ಭಾರತದ ರಾಯಭಾರ ಕಚೇರಿಯ ಅಥವಾ ಕಾನ್ಸುಲೇಟಿನ ಮುದ್ರೆ ಹಾಕಿಸಿಕೊಂಡು ಬರಬೇಕು. ಹುಡುಗಿ ಫೈಲಿನಿಂದ ಮೊದಲ ಹಾಳೆ ತೆಗೆದು ಮೇಜಿನ ಮೇಲಿಟ್ಟಳು. ನಾನು ಪೆನ್ನು ಹಿಡಿದು, ಇದನ್ನು ಕೊಟ್ಟ ಕಚೇರಿ ಯಾವುದಮ್ಮ ಅಂತ ಕೇಳಿದೆ.